ಉರಿ ನಿಂತ ಕೈ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ನಮಗೆ ಕೈ ಉರಿ ಹೊಸದಲ್ಲ. ಹರಳೆಣ್ಣೆ ಸವರಿಕೊಂಡು ಮಲಗುವುದು, ಬೆಳಗಾದರೆ ಮತ್ತೆ ಅದೇ ರಾಶಿಯ ಮುಂದೆ ಕೂರುವುದು. ಹಾಗಾಗಿ ದ್ರಾಕ್ಷಾಯಿಣಿಯ ಕೈ ಉರಿಯುವುದು ನಿಂತಾಗ ಅವಳು ಕೈ ಪಳಗಿತೆಂದು ಹಿಗ್ಗಿದಳು. ಪಕ್ಕದಲ್ಲಿ ಕೂತ ನಾವು ಹೊಟ್ಟೆಕಿಚ್ಚೂ ಪಟ್ಟೆವು.

ಗಂಡ ಸತ್ತ ಮೇಲೆ ಅವಳಿಗಿದ್ದವಳು ಮಗಳು ಮೇಘಾ ಒಬ್ಬಳೇ. ರಾಣೇಬೆನ್ನೂರಿಗೆ ಕೊಟ್ಟಿದ್ದಳು. ಮೇಘಾಳಿಗೆ ಬಸಿರು ನಿಲ್ಲುತ್ತಿರಲಿಲ್ಲ, ಅತ್ತೆಮನೆಯಲ್ಲಿ ಅಳಿಯನಿಗೆ ಇನ್ನೊಂದು ಮದುವೆಯ ಮಾತು ಎದ್ದಿತ್ತು. ತಾಯಿ ಕದರಮಂಡಲಗಿಯ ಗುಡಿಗೆ ಹೋಗಿ, ಮೊಮ್ಮಗುವಿಗೆ ತನ್ನ ಕೈಯಾರೆ ನೀರೆರೆಯುವತನಕ ಹಾಲು, ಮೊಸರು, ಮಜ್ಜಿಗೆ ಮುಟ್ಟುವುದಿಲ್ಲವೆಂದು ಹರಕೆ ಹೊತ್ತಳು. ಮೊಟ್ಟೆ, ಮಾಂಸ ಮೊದಲೇ ಇಲ್ಲದ ಮನೆ. ದೇವರು ಕೇಳದ್ದನ್ನೂ ಕೊಡಹೋಗುವ ಹೆಂಗಸರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಐದಾರು ವರ್ಷ ಬರೀ ರೊಟ್ಟಿ, ಖಾರದಲ್ಲೇ ಕಳೆದಳು. ಮುಖ ಬಿಳಿಚಿತು, ನಾಲಿಗೆ ಹುಣ್ಣಾಯಿತು, ನಿದ್ದೆ ಹಾರಿತು. ಊರಿನ ಡಾಕ್ಟರು, ಚಿಂತೆ ಮಾಡಿದರೆ ಮೈಯಲ್ಲಿ ಒಂದು ಹಾರ್ಮೋನು ಏರುತ್ತದೆ, ಅದಕ್ಕೇ ನಿದ್ದೆಯಿಲ್ಲ ಎಂದರು. ರಕ್ತ ಕಡಿಮೆಯೆಂದು ಕಬ್ಬಿಣ, ಫೋಲಿಕ್ ಆಸಿಡ್ ಗುಳಿಗೆ ಬರೆದುಕೊಟ್ಟರು. ಸುಳ್ಳೇನೂ ಹೇಳಲಿಲ್ಲ, ಏನು ಉಣ್ಣುತ್ತೀ ಎಂದು ಮಾತ್ರ ಕೇಳಲಿಲ್ಲ. ರಕ್ತ ಏರಿತು, ಮುಖಕ್ಕೆ ಕಳೆ ಬಂತು. ಕೈ ಉರಿ ನಿಂತದ್ದೂ ಆಗಲೇ. ನಡೆಯುವಾಗ ಚಪ್ಪಲಿ ಕಳಚಿದ್ದೂ ತಿಳಿಯದೆ ಮುಂದೆ ಹೋಗುತ್ತಿದ್ದಳು. ಮೊಮ್ಮಗುವಿನ ಗುಂಗೆಂದು ನಗುತ್ತಿದ್ದೆವು, ಏಕೆಂದರೆ ಮೇಘಾ ಕೊನೆಗೂ ಬಸಿರಾಗಿದ್ದಳು.

ಎರಡು ಸಾವಿರದ ಏಳರಲ್ಲಿ ತವರಿನಲ್ಲೇ ಗಂಡುಮಗು ಹುಟ್ಟಿತು. ಮೊದಲ ಸಲ ಎರೆಯುವ ದಿನ ದ್ರಾಕ್ಷಾಯಿಣಿ ಹಂಡೆಯಿಂದ ನೀರು ತೋಡಿ, ಕೈ ಅದ್ದಿ ನೋಡಿ, ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡಳು. ಮೊದಲ ತಂಬಿಗೆ ಸುರಿದಾಗಲೇ ಅದು ಕಿರುಚಿದ್ದು ಓಣಿಗೆಲ್ಲ ಕೇಳಿಸಿತು. ಓಡಿಹೋದೆ. ಕೂಸಿನ ತೊಡೆ ಸುಟ್ಟಿತ್ತು. ಅವಳ ಕೈಕಾಲೂ ಸುಟ್ಟಿದ್ದವು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಹಾವೇರಿಯ ಆಸ್ಪತ್ರೆಯಲ್ಲಿ ಕೂಸಿನ ಜೊತೆ ಅವಳನ್ನೂ ನೋಡಿದರು. ಬಿ-ಹನ್ನೆರಡು ವಿಟಮಿನ್ ತಳ ಕಂಡಿತ್ತು. ಹಾಲು ಮೊಸರಿನಲ್ಲಿರುವ ಅದಿಲ್ಲದೆ ನರ ಸೊರಗಿವೆ, ಗುಳಿಗೆ ರಕ್ತವನ್ನಷ್ಟೇ ಏರಿಸಿ ಉಳಿದದ್ದನ್ನು ಮುಚ್ಚಿಟ್ಟಿತು ಎಂದರು. ಇಂಜೆಕ್ಷನ್ ಕೊಟ್ಟರೆ ಇನ್ನಷ್ಟು ಕೆಡುವುದು ತಪ್ಪೀತು, ಹೋದ ಸ್ಪರ್ಶ ಮರಳುವ ಭರವಸೆಯಿಲ್ಲ ಎಂದೂ ಹೇಳಿದರು.

ಕೂಸು ಉಳಿಯಿತು. ಮನೆಗೆ ಬಂದ ದಿನ ದ್ರಾಕ್ಷಾಯಿಣಿ ಅದರತ್ತ ಕೈ ಚಾಚಿದಳು. ಮೇಘಾ ಸೆರಗಿನಲ್ಲಿ ಅದನ್ನು ಮುಚ್ಚಿಕೊಂಡಳು.

“ನಿನ್ನ ಕೈಯಾಗ ಕೊಡೂದಿಲ್ಲಬೇ ಯವ್ವಾ. ನನಗ ಅಂಜಿಕಿ ಬರ್ತೈತಿ.”

ಮಗಳ ಮಾತು ಸರಿಯೇ ಇತ್ತು. ಅದಕ್ಕೇ ನನ್ನ ಹೊಟ್ಟೆ ಇನ್ನೂ ಉರಿಯುತ್ತದೆ. ದ್ರಾಕ್ಷಾಯಿಣಿ ಹೂಂ ಎಂದಳು, ಹಿಂದಕ್ಕೆ ಸರಿದು ಗೋಡೆಗೆ ಆತು ಕೂತಳು.