ಸ್ಕಾಟ್ಲೆಂಡಿನ ಆ ವಿಸ್ಕಿ ಗೋದಾಮಿನ ಗೋಡೆ

"ಇವತ್ತು ಅಲ್ಲಿ ಸಮುದ್ರ ಹೇಗಿದೆ?" ಅಂತ ಆ ಸ್ಕಾಟ್ಲೆಂಡಿನ ಅಜ್ಜ ಫೋನಿನಲ್ಲಿ ಕೇಳಿದಾಗ ನಾನು ಕುಂದಲಹಳ್ಳಿಯ ಕಾಲ್ ಸೆಂಟರೊಂದರ ಮೂರನೇ ಮಹಡಿಯಲ್ಲಿ ಕೂತಿದ್ದೆ.

ಕಿಟಕಿಯಾಚೆ ಕಾಣುತ್ತಿದ್ದದ್ದು ಅರ್ಧ ಕಟ್ಟಿದ ಅಪಾರ್ಟ್‌ಮೆಂಟು, ರಣಬಿಸಿಲು, ಧೂಳು.

ವೈಟ್‌ಫೀಲ್ಡಿಗೆ ಮೆಟ್ರೋ ಬರುವ ಎಷ್ಟೋ ವರ್ಷ ಮೊದಲಿನ ಮಾತು. ಸ್ಕಾಟ್ಲೆಂಡಿನ ಕಡಲತೀರದ ಒಂದು ಹಳೇ ವಿಸ್ಕಿ ಡಿಸ್ಟಿಲರಿ ನೋಡಲು ಬರುವವರ ಬುಕಿಂಗ್ ಕಾಲ್‌ಗಳು ನಮಗೆ ಬರುತ್ತಿದ್ದವು. ನಮ್ಮದು ದಾವಣಗೆರೆಯ ಲಿಂಗಾಯತರ ಮನೆ... ಅಪ್ಪನಿಗೆ "ಟೂರಿಸಂ ಕಂಪನಿ" ಅಂತಷ್ಟೇ ಹೇಳಿದ್ದೆ!

ವಿಸ್ಕಿಯ ವಾಸನೆಯೂ ಗೊತ್ತಿಲ್ಲದ ನಾನು ಅದರ ಚರಿತ್ರೆಯನ್ನೆಲ್ಲ ಮಗ್ಗಿಯ ಹಾಗೆ ಉರು ಹೊಡೆದಿದ್ದೆ. ಮೊದಲು ಬಂಡೆಗಳ ಮರೆಯಲ್ಲಿ ಕದ್ದು ಭಟ್ಟಿ ಇಳಿಸುತ್ತಿದ್ದರಂತೆ, ಲೈಸೆನ್ಸ್ ಬಂದದ್ದು ಆಮೇಲೆ. ಜವುಗು ನೆಲದ ಮಣ್ಣು ಕಡಿದು, ಒಣಗಿಸಿ, ಸುಟ್ಟು, ಆ ಹೊಗೆಯಲ್ಲಿ ಬಾರ್ಲಿ ಒಣಗಿಸುತ್ತಾರೆ.

ಪೀಪಾಯಿಗಳು ವರ್ಷಗಟ್ಟಲೆ ಅಲೆ ಬಡಿಯುವ ಗೋದಾಮಿನಲ್ಲೇ ಇರುತ್ತವೆ. ಅದಕ್ಕೇ ಆ ವಿಸ್ಕಿಗೆ ಹೊಗೆ, ಉಪ್ಪು, ಆಸ್ಪತ್ರೆಯ ಟಿಂಚರು, ಮೂರರ ಘಾಟೂ ಇದೆಯಂತೆ. ಛೀ, ಇದನ್ನೂ ಕುಡಿಯುತ್ತಾರಾ ಅನಿಸುತ್ತಿತ್ತು.

ಫೋನ್ ಮಾಡಿದವರು ನಾವು ಆ ಡಿಸ್ಟಿಲರಿಯಲ್ಲೇ ಕೂತಿದ್ದೇವೆ ಅಂದುಕೊಳ್ಳಬೇಕಿತ್ತು; ಬೆಂಗಳೂರಿನಲ್ಲಿದ್ದೇವೆ ಅಂತ ಮಾತ್ರ ಬಾಯಿ ಬಿಡುವಂತಿರಲಿಲ್ಲ. ಬಿಟ್ಟರೆ ಕೆಲಸ ಹೋಯಿತು. ನನ್ನ ಪ್ರೊಬೇಷನ್ ಮುಗಿಯಲು ಇನ್ನೊಂದೇ ವಾರವಿತ್ತು.

ಅಜ್ಜ ಬುಕಿಂಗಿಗಾಗಿ ಫೋನ್ ಮಾಡಿರಲಿಲ್ಲ. ಆ ಗೋದಾಮಿನಲ್ಲೇ ಜೀವಮಾನವಿಡೀ ಪೀಪಾಯಿ ಉರುಳಿಸಿದವರು, ಈಗ ಸಮುದ್ರವೇ ಇಲ್ಲದ ಊರಿನಲ್ಲಿ ಹಾಸಿಗೆ ಹಿಡಿದಿದ್ದರು. ಡಿಸ್ಟಿಲರಿಯವರ ಜೊತೆ ಎರಡು ಮಾತಾಡಬೇಕು ಅನಿಸಿತಂತೆ.

ನಾನು ಕಿಟಕಿಯಾಚೆಯ ಧೂಳು ನೋಡಿದೆ.

ಪಕ್ಕದಲ್ಲೇ ಕಾಲ್ ಕೇಳುತ್ತಿದ್ದ ಟೀಮ್ ಲೀಡ್ ಲೋಕಿ ಮ್ಯೂಟ್ ಒತ್ತಿದ. "ಏನಾದ್ರೂ ಹೇಳಮ್ಮಾ ಬೇಗ! ಅಲೆ ಜೋರಾಗಿದೆ ಅನ್ನು, ಅವ್ರೇನ್ ಬಂದ್ ನೋಡ್ತಾರಾ?"

ಹೇಳಿಬಿಟ್ಟೆ. ಅಲೆ ಜೋರಾಗಿದೆ ಸಾರ್, ಗೋದಾಮಿನ ಗೋಡೆಗೇ ಬಡಿಯುತ್ತಿದೆ ಅಂತ.

ಆ ಕಡೆಯಿಂದ ಮೂಗು ಸೀಟುವ ಸದ್ದು. ಆಮೇಲೆ ಗೊತ್ತಾಯಿತು, ಅಜ್ಜ ಅಳುತ್ತಿದ್ದಾರೆ...

"ಮನೆಗೆ ಹೋಗುವಾಗ ನನ್ನ ಪರವಾಗಿ ಆ ಗೋಡೆಗೆ ಒಂದು ಸಲ ಕೈಯಿಡ್ತೀಯಾ ಮಗಳೇ?"

ಇಡ್ತೀನಿ ಅಂದೆ.

ನನ್ನ ಇಂಗ್ಲಿಷ್ ಕೇಳಿಯೂ ಅವರಿಗೆ ಅನುಮಾನ ಬರಲಿಲ್ಲವೋ, ಬಂದರೂ ಸುಮ್ಮನಿದ್ದರೋ, ಇವತ್ತಿಗೂ ಗೊತ್ತಿಲ್ಲ.

ಕೆಲಸ ಖಾಯಂ ಆಯಿತು. ಲೋಕಿ ಆ ಕಾಲ್‌ನ ರೆಕಾರ್ಡಿಂಗ್ ಹೊಸಬರಿಗೆಲ್ಲ ಕೇಳಿಸಿ, "ಕಾಲ್ ಅಂದ್ರೆ ಹಿಂಗಿರ್ಬೇಕು ಕಣ್ರೋ" ಅನ್ನುತ್ತಿದ್ದ. ನಾನು ಎದ್ದು ಕ್ಯಾಂಟೀನಿಗೆ ಹೋಗಿಬಿಡುತ್ತಿದ್ದೆ.

ಈಗ ಆ ಆಫೀಸೂ ಇಲ್ಲ, ಲೋಕಿಯ ನಂಬರೂ ಇಲ್ಲ. ಆ ಕ್ಯಾಂಟೀನಿನ ಪಫ್ಸು, ಕ್ಯಾಬಿನಲ್ಲಿ ಕಿಟಕಿ ಸೀಟಿಗೆ ಮಾಡುತ್ತಿದ್ದ ಜಗಳ, ಎಲ್ಲ ನೆನೆದರೆ ಖುಷಿಯೇ. ಅಜ್ಜನಿಗೆ ಕೊಟ್ಟ ಮಾತು ಮಾತ್ರ ಹಾಗೇ ಉಳಿದಿದೆ. ನಾನಿನ್ನೂ ಸ್ಕಾಟ್ಲೆಂಡ್ ನೋಡಿಲ್ಲ.

ನಿಮ್ಮಲ್ಲಿ ಯಾರಾದರೂ ಆ ಕಡೆ ಹೋಗುವವರಿದ್ದರೆ, ಅಜ್ಜನ ಪರವಾಗಿ ಆ ಗೋಡೆಗೊಮ್ಮೆ ಕೈಯಿಟ್ಟು ಬರುತ್ತೀರಾ?