ಈರಮ್ಮ ಹೇಳಿದ ಎರಡನೆಯ ಚೂರು

ಮಾಟ, ಮಂತ್ರ, ಮೈಮೇಲೆ ಬರುವುದು ಇವನ್ನೆಲ್ಲ ಕಂಡು ನಾನು ಒಂದು ಕಾಲದಲ್ಲಿ ಬಾಯಿತುಂಬ ನಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನಗುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂದು ಮನೆಯವರು ಎಷ್ಟೋ ಸಲ ಕೇಳಿದ್ದುಂಟು. ಏನೋ ಒಂದು ಹೇಳಿ ಜಾರಿಕೊಂಡಿದ್ದೇನೆ. ಇವತ್ತು ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ನಂಬುವುದು ಬಿಡುವುದು ಓದುವವರಿಗೆ ಸೇರಿದ್ದು.

ನಮ್ಮ ಸೀಮೆ ಮದ್ರಾಸ್ ಸರಕಾರದ ಕೈಯಲ್ಲಿದ್ದ ಕಾಲ. ವೈದ್ಯಕೀಯ ಓದು ಮುಗಿಸಿ ನನಗೆ ಮೊದಲು ಸಿಕ್ಕಿದ ಸ್ವತಂತ್ರ ಜವಾಬ್ದಾರಿ ಕಂಪ್ಲಿಯ ಸಣ್ಣ ಆಸ್ಪತ್ರೆ. ಎರಡು ಕೋಣೆ, ಒಂದು ಪಡಸಾಲೆ, ಮುಂದೆ ಬೇವಿನ ಮರ. ಆ ಊರಲ್ಲಿ ಜ್ವರದ ನಂತರ ಹೆಚ್ಚು ಬರುತ್ತಿದ್ದದ್ದು ಕಣ್ಣಿನ ಗಾಯ. ಸುಗ್ಗಿಯಲ್ಲಿ ಭತ್ತದ ಹೊಟ್ಟು ಸಿಡಿದ ಕಣ್ಣು, ಕಬ್ಬು ಕಡಿಯುವಾಗ ಗರಿ ಗೀರಿದ ಕಣ್ಣು, ಗೋಡೆ ಬಳಿಯುವಾಗ ಸುಣ್ಣ ಬಿದ್ದ ಕಣ್ಣು. ಗಾಯವಾದ ದಿನವೇ ಬಂದರೆ ಮುಕ್ಕಾಲು ಪಾಲು ಉಳಿಸಬಹುದಿತ್ತು. ಆದರೆ ಮೊದಲು ಯಾರಾದರೂ ನಾಲಿಗೆಯ ತುದಿಯಿಂದ ಕಸ ತೆಗೆಯುತ್ತಿದ್ದರು, ಆಮೇಲೆ ಬಾಣಂತಿಯ ಎದೆಹಾಲು, ಆಮೇಲೆ ಯಾವುದೋ ಸೊಪ್ಪಿನ ರಸ. ಎಲ್ಲ ಮುಗಿದು ಕರಿಗುಡ್ಡೆ ಬೆಳ್ಳಗಾದ ಮೇಲೆ ನನ್ನ ಹತ್ತಿರ. ನಾನು ಸಿಟ್ಟಿನಿಂದ ಕೂಗಾಡುತ್ತಿದ್ದೆ. ಕಣ್ಣಿನ ವಿಷಯದಲ್ಲಿ ಹಳ್ಳಿಯ ಮುದುಕಿಯರ ಮಾತು ಕೇಳಿದವರು ಕೆಟ್ಟರು ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು.

ಒಂದು ದಿನ ಮಧ್ಯಾಹ್ನ, ಆಸ್ಪತ್ರೆಯ ಜನ ಕರಗಿದ ಮೇಲೆ, ಕಮ್ಮಾರ ಮೌನೇಶ ತನ್ನ ಹೆಂಡತಿ ಹುಲಿಗೆಮ್ಮನನ್ನು ಕರೆದುಕೊಂಡು ಬಂದ. ಹಿಂದೆ ಅವನ ತಾಯಿ ಈರಮ್ಮ, ಮಗನ ಹೆಗಲ ಮೇಲೆ ಕೈಯಿಟ್ಟುಕೊಂಡು. ಆಕೆಗೆ ಎರಡೂ ಕಣ್ಣು ಇರಲಿಲ್ಲ. ಎಡಗಣ್ಣು ಒಣಗಿದ ಕಾಯಿಯಂತೆ ಒಳಕ್ಕೆ ಸೇರಿಹೋಗಿತ್ತು, ಬಲಗಣ್ಣಿನ ಮೇಲೆ ಬಿಳಿ ಪೊರೆ. ಬಂಡಿಯ ಗಾಲಿಗೆ ಪಟ್ಟಿ ಕಟ್ಟುವುದು, ನೇಗಿಲ ಕುಳ ಹಣಿಯುವುದು ಅವರ ಮನೆಯ ಕಸುಬು. ಗಂಡ ಉಳಿ ಹಿಡಿದರೆ ಹೆಂಡತಿ ಸಮ್ಮಟಿಗೆ ಎತ್ತಿ ಹೊಡೆಯಬೇಕು. ಹುಲಿಗೆಮ್ಮ ಗಟ್ಟಿಗಿತ್ತಿ. ಆಕೆಯ ಸಮ್ಮಟಿಗೆಯ ಪೆಟ್ಟು ಆಸ್ಪತ್ರೆಯ ಬೇವಿನ ಮರದ ತನಕ ಕೇಳುತ್ತಿತ್ತು.

"ಬಲಗಣ್ಣಿಗೆ ಏನೋ ಚುಟ್ ಅಂತ ಬಡೀತ್ರಿ," ಅಂದಳು ಹುಲಿಗೆಮ್ಮ. "ಈಗ ಏನೂ ಇಲ್ರಿ. ಇವರಽ ಎಳಕೊಂಡು ಬಂದ್ರು."

ನೋಡಿದೆ. ಕಣ್ಣು ಸ್ವಲ್ಪ ಕೆಂಪು, ಅಷ್ಟೇ. ಮೇಲಿನ ರೆಪ್ಪೆ ಮಗುಚಿ ನೋಡಿದೆ, ಕೆಳಗಿನದನ್ನು ಜಗ್ಗಿ ನೋಡಿದೆ. ಕಸವಿಲ್ಲ. ಬೆರಳು ತೋರಿಸಿದರೆ ಸರಿಯಾಗಿ ಎಣಿಸಿದಳು. ಬಾಗಿಲಾಚೆಯ ಮರದಲ್ಲಿ ಕಾಗೆ ಕೂತದ್ದನ್ನೂ ಹೇಳಿದಳು. ಮೇಲೆ ತಾಗಿ ಹೋಗಿದೆ, ತೊಳೆದು ಮುಲಾಮು ಹಾಕಿ ಕಳಿಸಿದರಾಯಿತು ಎಂದು ತೀರ್ಮಾನಿಸಿ ಬೋರಿಕ್ ನೀರಿನ ಬಟ್ಟಲು ಎತ್ತಿಕೊಂಡೆ.

ಆಗ ಈರಮ್ಮ, "ಡಾಕ್ಟರಪ್ಪಾ, ಸ್ವಲ್ಪ ತಡೀರಿ. ನಾನೊಂದು ಸಲ ನೋಡ್ತೀನಿ," ಅಂದಳು.

ಕುರುಡಿ ನೋಡುತ್ತೇನೆಂದಾಗ ನನಗೆ ನಗು ಬಂತು. ನಾಲಿಗೆ ಹಾಕುತ್ತಾಳೇನೋ ಎಂಬ ಭಯವೂ ಆಯಿತು. "ಅಜ್ಜಿ, ಮುಟ್ಟೋದು ಮಾತ್ರ ಬ್ಯಾಡ," ಅಂದೆ.

"ಮುಟ್ಟಂಗಿಲ್ಲಪ್ಪಾ. ಬೇಕಾದ್ರ ನಿಮ್ಮ ಕೈ ನಡುವ ಇಟ್ಕೊಳ್ರಿ."

ಹಾಗೇ ಮಾಡಿದೆ. ಹುಲಿಗೆಮ್ಮನನ್ನು ಬೆಂಚಿನ ಮೇಲೆ ಕೂರಿಸಿ, ಒಂದು ಕೈಯಿಂದ ಆಕೆಯ ತಲೆ ಹಿಡಿದು, ಇನ್ನೊಂದು ಅಂಗೈಯನ್ನು ಅತ್ತೆ ಸೊಸೆಯರ ಮುಖಗಳ ನಡುವೆ ಅಡ್ಡ ಹಿಡಿದೆ. ಈರಮ್ಮ ಬಗ್ಗಿ, ತನ್ನ ಇಂಗಿಹೋದ ಎಡಗಣ್ಣನ್ನು ಸೊಸೆಯ ಬಲಗಣ್ಣಿಗೆ ಎದುರಾಗಿ ತಂದು ನಿಲ್ಲಿಸಿದಳು. ನನ್ನ ಅಂಗೈಯ ಎರಡೂ ಬದಿಗೆ ಇಬ್ಬರ ಉಸಿರೂ ತಾಗುತ್ತಿತ್ತು. ಇಬ್ಬರ ಚರ್ಮವೂ ತಾಗಲಿಲ್ಲ. ಇದನ್ನು ನಾನು ಆಣೆಯಿಟ್ಟು ಹೇಳಬಲ್ಲೆ.

ನಾಲ್ಕು ಉಸಿರಿನಷ್ಟು ಹೊತ್ತಾಗಿರಬೇಕು. ಈರಮ್ಮನ ಎಡರೆಪ್ಪೆ ಪಟಪಟ ಅದುರಿತು. ಎಷ್ಟೋ ವರ್ಷದಿಂದ ಒಣಗಿದ್ದ ಆ ಗುಳಿಯಿಂದ ನೀರು ಇಳಿದು ಗಲ್ಲದ ಮೇಲೆ ಹರಿಯಿತು. ಅದೇ ಗಳಿಗೆಗೆ ಹುಲಿಗೆಮ್ಮ ನನ್ನ ಕೈಯಲ್ಲಿ ತಲೆ ಕೊಡವಿ ಚೀರಿದಳು: "ಅತ್ತಿ, ಜಗ್ಗಬ್ಯಾಡ್ರಿ!"

"ಯಾರೂ ಜಗ್ಗಿಲ್ಲವಲ್ಲ ತಾಯಿ," ಅಂದೆ.

"ಒಳಗಿಂದ ಯಾರೋ ದಾರ ಹಿಡದು ಎಳದಂಗಾತ್ರಿ."

ಈರಮ್ಮ ನಿಧಾನವಾಗಿ ಹಿಂದೆ ಸರಿದು ನೆಲದ ಮೇಲೆ ಕುಳಿತಳು. ಸೆರಗಿನಿಂದ ಗಲ್ಲ ಒರೆಸಿಕೊಂಡಳು. "ಒಳಗ ಕಬ್ಬಿಣ ಹೊಕ್ಕೈತಪ್ಪಾ," ಅಂದಳು. "ಒಂದಲ್ಲ, ಎರಡು. ಕೆಳಗಿನ ಮಗ್ಗಲಿಗೆ, ಒಂದರ ಬೆನ್ನಿಗೆ ಒಂದು ಕುಂತಾವ."

"ನಿನಗ ಹೆಂಗ ಗೊತ್ತಾತು?"

"ನನ್ನ ಎಡಗಣ್ಣಾಗ ಹೊಕ್ಕದ್ದು ಇನ್ನೂ ಅಲ್ಲೇ ಐತಿ. ಅದು ಎದ್ದು ಕುಂತಂಗಾತು."

ಆಮೇಲೆ ತನ್ನ ಕತೆ ಹೇಳಿದಳು. ಹೊಸದಾಗಿ ಮದುವೆಯಾಗಿ ಬಂದಾಗ ಹೀಗೆಯೇ ಗಂಡನ ಉಳಿಗೆ ಸಮ್ಮಟಿಗೆ ಹೊಡೆಯುತ್ತಿದ್ದಾಗ ಎಡಗಣ್ಣಿಗೆ ಚುಟ್ ಎಂದಿತಂತೆ. ಆಕೆಗೂ ಅವತ್ತು ಕಣ್ಣು ಚೆನ್ನಾಗಿಯೇ ಕಂಡಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೆಲವು ವಾರಕ್ಕೆ ಅದು ಕೆಂಪಾಗಿ, ನೋವಾಗಿ, ಹೋಯಿತು. ಅದು ಹೋದ ಮೇಲೆ ಏನೂ ಆಗಿರದ ಬಲಗಣ್ಣೂ ತಾನಾಗಿ ಮಂಜಾಗುತ್ತ ಬಂದು ಮುಚ್ಚಿಕೊಂಡಿತು. "ದೇವರು ಒಂದನ್ನಾದ್ರೂ ಬಿಡ್ತಾನ ಅಂದ್ಕೊಂಡಿದ್ದೆ. ಬಿಡ್ಲಿಲ್ಲ. ಈಕಿಗೆ ಹಂಗಾಗೋದು ಬ್ಯಾಡ," ಅಂದಳು.

ಆಕೆಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಕಣ್ಣನ್ನು ಭೇದಿಸಿದ ಗಾಯ ಕೆಟ್ಟರೆ, ಅಪರೂಪಕ್ಕೆ ಒಮ್ಮೆ ಪಕ್ಕದ ಒಳ್ಳೆಯ ಕಣ್ಣೂ ಅದರ ಹಿಂದೆಯೇ ಹೋಗುತ್ತದೆ. ನಾನು ಪುಸ್ತಕದಲ್ಲಿ ಓದಿದ್ದೆ. ಎದುರಿಗೆ ಕಂಡದ್ದು ಅವತ್ತೇ ಮೊದಲು. ಬೋರಿಕ್ ಬಟ್ಟಲು ಕೆಳಗಿಟ್ಟೆ. ನಾಚಿಕೆಯಾಯಿತು. ಗಾಯ ಯಾವ ಕೆಲಸದಲ್ಲಿ ಆಯಿತು ಎಂದು ನಾನು ಕೇಳಿಯೇ ಇರಲಿಲ್ಲ. ಮೌನೇಶನನ್ನು ಉಳಿ ತರಲು ಓಡಿಸಿದೆ. ಪೆಟ್ಟು ತಿಂದು ತಿಂದು ಅದರ ತಲೆ ಅಣಬೆಯಂತೆ ಅರಳಿ ಅಂಚೆಲ್ಲ ಸೀಳಿತ್ತು. ಒಂದು ಕಡೆ ಹೊಸದಾಗಿ ಚಕ್ಕೆ ಎದ್ದುಹೋದ ಜಾಗ ಬೆಳ್ಳಿಯಂತೆ ಹೊಳೆಯುತ್ತಿತ್ತು.

ಪಾಪೆ ಅರಳುವ ಔಷಧಿ ಬಿಟ್ಟು, ಕಿಟಕಿಯ ಬಿಸಿಲಿಗೆ ಕೂರಿಸಿ, ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ. ಬಹಳ ಹೊತ್ತು ನೋಡಿದ ಮೇಲೆ ಸಿಕ್ಕಿತು. ಕರಿಗುಡ್ಡೆಯ ಕೆಳಅಂಚಿನಲ್ಲಿ ಕೂದಲೆಳೆಯಂಥ ಗೀರು, ಅದರ ಹಿಂದೆ ಸೂಜಿಮೊನೆಯಷ್ಟು ತೂತು. ಮುದುಕಿ ಹೇಳಿದ ಮಗ್ಗಲಿಗೇ. ಆದರೆ ತೂತು ಒಂದೇ.

ಒಳಹೊಕ್ಕ ಕಬ್ಬಿಣ ತೆಗೆಯುವುದು ನನ್ನಿಂದ ಆಗದ ಮಾತು. ಅದಕ್ಕೆ ಮದ್ರಾಸಿನ ಕಣ್ಣಾಸ್ಪತ್ರೆಯ ದೊಡ್ಡ ಸೂಜಿಗಲ್ಲು ಬೇಕು. ಬೇಗ ಹೋಗಬೇಕು. ಕಣ್ಣನ್ನು ಒತ್ತದ ಹಾಗೆ ದಪ್ಪ ಕಾಗದದ ಬಟ್ಟಲು ಮಾಡಿ ಮೇಲೆ ಕಟ್ಟಿದೆ. ಉಜ್ಜಬಾರದು, ಭಾರ ಎತ್ತಬಾರದು ಎಂದು ಹೇಳಿದೆ. ಮೌನೇಶ ಹಿಂದೆಮುಂದೆ ನೋಡಿದ. "ಚೊಲೋ ಕಾಣೋ ಕಣ್ಣಿಗೆ ಮದ್ರಾಸ್ಯಾಕ್ರಿ?" ಅಂದ. ಉತ್ತರ ಕೊಟ್ಟವಳು ಅವನ ತಾಯಿ: "ನಿಮ್ಮಪ್ಪನೂ ಹಿಂಗೇ ಅಂದಿದ್ದ." ಅವನು ಹೊರಡಲು ಒಪ್ಪಿಕೊಂಡ.

ಸರ್ಜನರಿಗೆ ಪತ್ರ ಬರೆದು ಲಕೋಟೆಗೆ ಹಾಕಿ ಅಂಟಿಸಿದೆ. ಒಂದು ಕಬ್ಬಿಣದ ಚೂರು ಒಳಗಿರುವ ಸಂಶಯ ಎಂದು ಬರೆದಿದ್ದೆ. ಅದನ್ನು ಮೌನೇಶನ ಕೈಗೆ ಕೊಡುವಾಗ ಈರಮ್ಮ ಕೇಳಿದಳು: "ಎರಡು ಅಂತ ಬರದಿರೇನಪ್ಪಾ?"

ಸುಳ್ಳು ಹೇಳಬಹುದಿತ್ತು. ಆಕೆಗೆ ಇಂಗ್ಲಿಷ್ ಬರುವುದಿಲ್ಲ, ಓದಲು ಕಣ್ಣೂ ಇಲ್ಲ. ಆದರೂ ನಾಲಿಗೆ ಏಳಲಿಲ್ಲ. ಎರಡು ಎಂದು ಬರೆದರೆ ಯಾವ ಆಧಾರದ ಮೇಲೆ ಎಂದು ಕೇಳುತ್ತಾರೆ. ಹೊಸ ವೈದ್ಯನೊಬ್ಬ ಬರೀ ಭೂತಗನ್ನಡಿಯಲ್ಲಿ ಎರಡು ಚೂರು ಎಣಿಸಿದ ಎಂದು ಮದ್ರಾಸಿನವರೆಲ್ಲ ನಗುತ್ತಾರೆ. ಮೇಲಿನವರಿಗೆ ತಿಳಿದರೆ ನನ್ನ ಹೆಸರಿಗೆ ಮಸಿ. ಹುಲಿಗೆಮ್ಮ ಬೆಂಚಿನ ಮೇಲೆ ಒಂದೇ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಲಕೋಟೆ ಹರಿದು ಕೆಳಗೆ ಒಂದು ಸಾಲು ಸೇರಿಸಿದೆ: ಎರಡು ಚೂರುಗಳು, ಒಂದರ ಹಿಂದೆ ಒಂದು ಇವೆಯೆಂದು ನಂಬಿದ್ದೇನೆ, ದಯವಿಟ್ಟು ಎರಡನ್ನೂ ಹುಡುಕಬೇಕು. ಅದರ ಕೆಳಗೆ ಮತ್ತೆ ಸಹಿ ಹಾಕಿದೆ.

ನಾನೇ ಹೊಸಪೇಟೆಯ ತನಕ ಹೋಗಿ ಗಂಡ ಹೆಂಡತಿಯನ್ನು ರೈಲು ಹತ್ತಿಸಿದೆ. ಗುಂತಕಲ್ಲಿನಲ್ಲಿ ಗಾಡಿ ಬದಲಿಸುವುದನ್ನು ಮೌನೇಶನಿಗೆ ಮೂರು ಸಲ ಹೇಳಿದೆ. ಕಂಪ್ಲಿಗೆ ಮರಳಿದ ಮೇಲೆ ಆ ಸಾಲು ಹಗಲೂ ರಾತ್ರಿ ನನ್ನನ್ನು ಚುಚ್ಚುತ್ತಿತ್ತು. ಯಾಕೆ ಬರೆದೆನೋ ಎಂದು ಕೈ ಹಿಸುಕಿಕೊಂಡೆ. ದಿನಾ ಒಂದು ಸಲ ಅವರ ಕುಲುಮೆಯ ಮುಂದೆ ಹಾದುಹೋಗುತ್ತಿದ್ದೆ. ಆರಿದ ಒಲೆಯ ಪಕ್ಕದಲ್ಲಿ ಈರಮ್ಮ ಒಬ್ಬಳೇ ಕುಳಿತಿರುತ್ತಿದ್ದಳು. ನನ್ನ ಹೆಜ್ಜೆಯ ಸದ್ದಿಗೆ ಮುಖವೆತ್ತುತ್ತಿದ್ದಳು.

ಮೂರು ವಾರದ ಮೇಲೆ ಅವರು ಬಂದರು. ಹುಲಿಗೆಮ್ಮ ಪಡಸಾಲೆಗೆ ಕಾಲಿಟ್ಟವಳೇ ಸೊಂಟದಿಂದ ಸೂಜಿ ದಾರ ತೆಗೆದಳು. ಗಂಡನ ಅಂಗೈಯನ್ನು ಎಳೆದು ತನ್ನ ಎಡಗಣ್ಣಿನ ಮೇಲೆ ಮುಚ್ಚಿಟ್ಟುಕೊಂಡು, ಬಲಗಣ್ಣೊಂದರಿಂದಲೇ ನೋಡುತ್ತ ಸೂಜಿಗೆ ದಾರ ಪೋಣಿಸಿದಳು. ಒಂದು ಸಲ ತಪ್ಪಿತು, ಎರಡನೆಯ ಸಲಕ್ಕೆ ಹೊಕ್ಕಿತು. ಪಡಸಾಲೆಯಲ್ಲಿದ್ದವರೆಲ್ಲ ಕೇಕೆ ಹಾಕಿದರು. ನನ್ನ ಸರ್ವೀಸಿನಲ್ಲಿ ಎಷ್ಟೋ ಜನ ದೊಡ್ಡವರ ಹೊಗಳಿಕೆ ಕೇಳಿದ್ದೇನೆ. ಅವತ್ತು ಎದೆಯುಬ್ಬಿದಷ್ಟು ಮತ್ತೆಂದೂ ಉಬ್ಬಲಿಲ್ಲ.

ಮೌನೇಶ ಒಂದು ಸಣ್ಣ ಗಾಜಿನ ಕೊಳವೆಯನ್ನೂ ಸರ್ಜನರ ಪತ್ರವನ್ನೂ ಕೊಟ್ಟ. ಕೊಳವೆಯೊಳಗೆ ಹತ್ತಿಯ ಮೇಲೆ ಸಾಸಿವೆ ಕಾಳಿನ ಅರ್ಧದಷ್ಟು ಒಂದು ಚೂರು, ಅದಕ್ಕಿಂತ ಸಣ್ಣದು ಇನ್ನೊಂದು. ಪತ್ರ ಹೀಗಿತ್ತು: ಎಕ್ಸ್‌ರೇಯಲ್ಲಿ ನೆರಳು ಒಂದೇ ಕಂಡಿತು. ಸೂಜಿಗಲ್ಲಿಗೆ ಒಂದು ಚೂರು ಹೊರಬಂತು. ಮುಗಿಯಿತೆಂದು ಕಣ್ಣು ಕಟ್ಟಲು ಹೊರಟಾಗ ನಿಮ್ಮ ಪತ್ರದ ಕೊನೆಯ ಸಾಲು ನೆನಪಾಗಿ ಮತ್ತೊಮ್ಮೆ ಹಿಡಿದೆವು. ಎರಡನೆಯದು ಬಂತು. ಅದು ಮೊದಲನೆಯದರ ನೆರಳಿನಲ್ಲೇ ಅಡಗಿತ್ತು. ಒಳಗೇ ಉಳಿದಿದ್ದರೆ ತುಕ್ಕು ಹಿಡಿದು ಕಣ್ಣು ಹೋಗುತ್ತಿತ್ತು. ಎರಡಿವೆಯೆಂದು ನೀವು ಯಾವ ಪರೀಕ್ಷೆಯಿಂದ ತಿಳಿದಿರಿ? ದಯವಿಟ್ಟು ಬರೆಯಿರಿ, ನಾವೂ ಕಲಿಯುತ್ತೇವೆ.

ಆ ಪ್ರಶ್ನೆಗೆ ಉತ್ತರ ಹುಡುಕಲು ನಾನು ನನ್ನ ವಿದ್ಯೆಗೆ ತಕ್ಕ ಹಾಗೆ ಪ್ರಯತ್ನಪಟ್ಟೆ. ಈರಮ್ಮನ ಒಪ್ಪಿಗೆ ಪಡೆದು, ಹತ್ತಿಯ ಉಂಡೆಗಳಲ್ಲಿ ಕೆಲವಕ್ಕೆ ಕಬ್ಬಿಣದ ಚೂರು ಇಟ್ಟು, ಕೆಲವನ್ನು ಖಾಲಿ ಬಿಟ್ಟು, ಒಂದೊಂದನ್ನೇ ಆಕೆಯ ಎಡಗಣ್ಣಿನ ಮುಂದೆ ಹಿಡಿದೆ. ಒಂದೂ ಸರಿಯಾಗಿ ಹೇಳಲಿಲ್ಲ. ಉಂಡೆಗಳ ಸರದಿ ಬದಲಿಸಿದೆ, ಮಾರನೆಯ ದಿನ ಮತ್ತೆ ಹಿಡಿದೆ. ಬರೀ ಊಹೆ, ಅದೂ ತಪ್ಪು. ಸೂಜಿಗಲ್ಲಿನ ತುಂಡು ತಂದು ಹಿಡಿದರೂ ಆ ಕಣ್ಣು ಮಿಸುಕಲಿಲ್ಲ, ನೀರು ಬರಲಿಲ್ಲ.

ಅನುಭವದಿಂದ ಊಹಿಸಿದಳು ಎನ್ನೋಣ. ತನಗಾದದ್ದೇ ಸೊಸೆಗೂ ಆಗಿದೆಯೆಂದು ತಿಳಿಯಲು ಕಣ್ಣು ಬೇಕಿಲ್ಲ. ಹುಲಿಗೆಮ್ಮ ಚೀರಿದ್ದು ಭಯಕ್ಕೆ ಎನ್ನೋಣ. ಕೆಳಮಗ್ಗಲು ಎಂದದ್ದು ಹೇಗೋ ಹೊಂದಿತು ಎನ್ನೋಣ. ಇಷ್ಟು ದೂರ ನಾನು ನಡೆಯಬಲ್ಲೆ. ಎಕ್ಸ್‌ರೇ ಒಂದು ಎಂದದ್ದನ್ನು ಆಕೆ ಎರಡು ಎಂದಳಲ್ಲ, ಅಲ್ಲಿಗೆ ಬಂದಾಗ ನನ್ನ ದಾರಿ ಮುಗಿಯುತ್ತದೆ.

ಈರಮ್ಮನಿಗೆ ಈ ತಲೆನೋವು ಇರಲಿಲ್ಲ. ಮಗನ ಹೆಗಲು ಹಿಡಿದು ಊರಿನ ಕುಲುಮೆ ಕುಲುಮೆಗೂ ಹೋಗಿ, "ಲೇ, ಉಳಿ ತಲಿ ತಿಕ್ಕಿ ನುಣ್ಣಗ ಮಾಡ್ಕೊಳ್ರಲೇ. ನನ್ನ ಮಾರಿ ನೋಡ್ರಿ, ನೋಡಿ ತಿಕ್ರಿ," ಎಂದು ಗದರಿಸಿ ಬಂದಳು. ಗಂಡಸರು ಬಾಯಿಮುಚ್ಚಿಕೊಂಡು ತಿಕ್ಕಿದರು. ನಾನು ಕಂಪ್ಲಿಯಲ್ಲಿದ್ದಷ್ಟು ಕಾಲ ಉಳಿಯ ಚೂರು ಹೊಕ್ಕ ಕಣ್ಣು ಮತ್ತೊಂದು ಬರಲಿಲ್ಲ. ತಿಂಗಳುಗಟ್ಟಲೆ ನಾನು ಕೂಗಾಡಿ ಮಾಡಲಾಗದ್ದನ್ನು ಆಕೆ ಎರಡು ದಿನದಲ್ಲಿ ಮಾಡಿದಳು. ಆ ಊರಿನ ವೈದ್ಯನಾಗಿದ್ದೆ ಎಂಬ ಹೆಮ್ಮೆ ನನಗೆ ಇವತ್ತಿಗೂ ಇದೆ.

ಸರ್ಜನರಿಗೆ ಉತ್ತರ ಬರೆಯಲು ಕುಳಿತ ದಿನ, ಕೊನೆಯ ಸಲ ಆಕೆಯನ್ನೇ ಕೇಳಿದೆ. "ಅಜ್ಜಿ, ನಿಜ ಹೇಳು. ಎರಡು ಅಂತ ಹೆಂಗ ಗೊತ್ತಾತು?"

ಆಕೆ ಹೇಳಿದಳು: "ನನಗೇನು ಗೊತ್ತಪ್ಪಾ. ಅವತ್ತು ಗೊತ್ತಿತ್ತು, ಇವತ್ತು ಇಲ್ಲ."

ದೊಡ್ಡ ದೊಡ್ಡ ಪದಗಳನ್ನು ಹಾಕಿ ಬರೆದಿದ್ದ ಎರಡು ಕರಡುಗಳನ್ನು ಹರಿದುಹಾಕಿದೆ. ಎರಡು ಚೂರಿವೆಯೆಂದು ಕಂಡುಹಿಡಿದವಳು ರೋಗಿಯ ಅತ್ತೆ, ಕಮ್ಮಾರರ ಈರಮ್ಮ, ಆಕೆಗೆ ಎರಡೂ ಕಣ್ಣಿಲ್ಲ, ಆಕೆಗೆ ಹೇಗೆ ತಿಳಿಯಿತೆಂದು ನನಗೆ ಗೊತ್ತಿಲ್ಲ, ಆಕೆಗೂ ಗೊತ್ತಿಲ್ಲ ಎಂದು ಬರೆದು ಟಪಾಲಿಗೆ ಹಾಕಿದೆ. ಮದ್ರಾಸಿನಿಂದ ಮತ್ತೆ ಪತ್ರ ಬರಲಿಲ್ಲ. ನಕ್ಕರೋ, ಯೋಚನೆಗೆ ಬಿದ್ದರೋ, ತಿಳಿಯದು.