ಅಳಿವೆಯ ಬೀಗರು

ಮೂರ್ನಾಡಿನ ಮೊಣ್ಣಪ್ಪನವರು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಅವರ ಜಗಲಿಯಲ್ಲೊಂದು ಉಪ್ಪುನೀರಿನ ಗಾಜಿನ ತೊಟ್ಟಿ, ಅದರೊಳಗೆ ಮೈತುಂಬ ಚುಕ್ಕಿಯ ಮೀನುಗಳು. ಕಾವೇರಿ ಕಡಲು ಸೇರುವ ಅಳಿವೆಯಲ್ಲಿ, ಅರೆ ಸಿಹಿ ಅರೆ ಉಪ್ಪಿನಲ್ಲಿ ಬೆಳೆದವು. ತಂದ ಮೇಲೆ "ಒಮ್ಮೆಗೇ ಸುರಿದ್ರೆ ಜೀವ ಹೋಗ್ತದೆ ಮಾರಾಯ್ರೆ" ಎನ್ನುತ್ತ, ದಿನಕ್ಕಿಷ್ಟಿಷ್ಟೇ ಉಪ್ಪು ಏರಿಸಿ, ತಿಂಗಳುಗಟ್ಟಲೆ ಕಾದು ಪೂರ್ತಿ ಕಡಲ ನೀರಿಗೆ ಒಗ್ಗಿಸಿದರು. ಕೂಲಿಯಾಳುಗಳ ಲೈನುಮನೆಗಳು ನಡುಗುವಂತೆ ಕೂಗುವ ಈ ಮನುಷ್ಯ ತೊಟ್ಟಿಯ ಮುಂದೆ ಪಿಸುಗುಟ್ಟುತ್ತಾರೆ. ಬನಿಯನ್ನಿನಲ್ಲಿ ಅದರೆದುರು ಸುಳಿಯುವುದಿಲ್ಲ, ಅಂಗಿ ತೊಡಲೇಬೇಕು. ಅವಕ್ಕೆ ತಿನ್ನಲು ಹಾಕದೆ ತಾವು ಕಡುಬು ಮುಟ್ಟುವುದಿಲ್ಲ. "ಈ ಮೀನಿನ ಸಾರಿಗೆ ಕಾಚಂಪುಳಿ ಹುಳಿ ಎಷ್ಟು ಬೇಕಾದೀತು?" ಎಂದು ತಮಾಷೆ ಮಾಡಿದ ನೆಂಟರಿಗೆ ಆ ದಿನ ಕಾಫಿಯೇ ಸಿಗಲಿಲ್ಲ. ಮೀನಿಗೆಂಥ ಈ ಪರಿ ಮರ್ಯಾದೆ ಎಂದು ನಾನೂ ನಗುತ್ತಿದ್ದವನೇ, ಕಾವೇರಿ ಹುಟ್ಟಿ ಬರುವ ತುಲಾ ಸಂಕ್ರಮಣದ ದಿನ ಅಲ್ಲಿಗೆ ಹೋಗುವ ತನಕ. ತಲಕಾವೇರಿಯಿಂದ ತಂದ ತೀರ್ಥವನ್ನು ಮನೆಯವರಿಗೆ ಕೊಡುವ ಮೊದಲು ಅವರು ಒಂದು ಚಮಚ ಆ ಉಪ್ಪುನೀರಿಗೆ ಬಿಟ್ಟರು. ಮೀನುಗಳೆಲ್ಲ ತಟ್ಟನೆ ಮೇಲೆದ್ದು ಬಂದವು. ಮೊಣ್ಣಪ್ಪನವರು ಬಗ್ಗಿ, ಕೈಮುಗಿದು, ಮಗಳನ್ನು ಕೊಟ್ಟ ಮನೆಯವರನ್ನು ವಿಚಾರಿಸುವ ದನಿಯಲ್ಲಿ ಕೇಳಿದರು: "ನಮ್ಮ ಹುಡುಗಿ ಅಲ್ಲಿ ಚೆನ್ನಾಗಿದ್ದಾಳಾ?"